ಅಲಂಕಾರದ ಹೆಸರು ಗೊತ್ತಿದ್ದರೆ ಸಾಲದು

ಹಲವು ವರ್ಷಗಳ ಹಿಂದೆ ನಾನು ಬರೆದ ಸಣ್ಣಕತೆಯೊಂದನ್ನು ಹಿರಿಯ ಓದುಗರೊಬ್ಬರಿಗೆ ಕೊಟ್ಟಿದ್ದೆ. ಬದುಕಿನುದ್ದಕ್ಕೂ ಹಳಗನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳಿದವರು ಅವರು. ಕತೆಯಲ್ಲಿ, ತಂದೆ ತೀರಿಕೊಂಡ ಮರುವಾರ ಮಗನೊಬ್ಬ ಮನೆಯಲ್ಲಿ ಒಂಟಿಯಾಗಿ ಕುಳಿತಿರುವ ಸನ್ನಿವೇಶವಿತ್ತು. ಆ ಭಾಗ ಹೀಗಿತ್ತು: 'ಅಪ್ಪನ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಕೈಗೆತ್ತಿಕೊಂಡ. ಅಕ್ಷರಗಳು ಮಸುಕಾಗಿ ಕಂಡವು. ಕನ್ನಡಕ ತೆಗೆದ. ಆಗಲೂ ಮಸುಕಾಗಿಯೇ ಇದ್ದವು.' ಹಸ್ತಪ್ರತಿ ನನ್ನ ಕೈಗೆ ಮರಳಿದಾಗ ಈ ಸಾಲುಗಳ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ 'ವ್ಯಂಗ್ಯ ಚೆನ್ನಾಗಿದೆ' ಎಂದು ಬರೆದಿತ್ತು. ಅದರ ಮುಂದಿನ ವಾಕ್ಯದ ಕೆಳಗೆ ಅಲೆಯಂಥದೊಂದು ಗೆರೆ ಇತ್ತು. ಅದಕ್ಕೆ ಯಾವ ವಿವರಣೆಯೂ ಇರಲಿಲ್ಲ.

ನನಗೆ ಬಹಳ ನೋವಾಯಿತು. ಸಾವಿನ ಮನೆಯ ಚಿತ್ರದಲ್ಲಿ ಇವರಿಗೆ ಕುಹಕ ಕಂಡಿತೇ, ನಾನು ಮನಸ್ಸಿಟ್ಟು ಬರೆದದ್ದು ಅಣಕದಂತೆ ಓದಿಸಿಕೊಂಡಿತೇ ಎಂದು ಹಲವು ದಿನ ಕೊರಗಿದೆ. ವ್ಯಂಗ್ಯವೆಂದರೆ ನನಗೆ ಗೊತ್ತಿದ್ದ ಅರ್ಥ ಅದೊಂದೇ: ವ್ಯಂಗ್ಯಚಿತ್ರ, ವ್ಯಂಗ್ಯವಾಡುವುದು, ವ್ಯಂಗ್ಯದ ನಗು. ಅಲಂಕಾರಶಾಸ್ತ್ರದಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆಯೆಂದು ಬಹಳ ತಡವಾಗಿ ತಿಳಿಯಿತು. ಬಾಯಿಬಿಟ್ಟು ಹೇಳದೆ, ಹೇಳಿದ ಮಾತಿನ ಆಚೆಗೆ ಹೊಳೆಯುವ ಅರ್ಥವೇ ಅಲ್ಲಿ ವ್ಯಂಗ್ಯ. ಅದನ್ನು ಹೊಳೆಯಿಸುವ ಶಬ್ದದ ಶಕ್ತಿಗೆ ವ್ಯಂಜನೆ ಎಂದು ಹೆಸರು. ಕನ್ನಡಕ ತೆಗೆದ ಮೇಲೂ ಅಕ್ಷರ ಮಸುಕಾಗಿಯೇ ಇದ್ದವೆಂದರೆ ಕಣ್ಣಿನಲ್ಲಿ ನೀರು ತುಂಬಿತ್ತೆಂಬುದು ಓದುಗನಿಗೆ ತಾನಾಗಿ ತಿಳಿಯುತ್ತದೆ. ಅವರು ಮೆಚ್ಚಿದ್ದು ಅದನ್ನು. ಅವರು ಬಳಸಿದ ಪದವೂ ನಾನು ಓದಿದ ಪದವೂ ಒಂದೇ ಆಗಿದ್ದರೂ ನಡುವೆ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರವಿತ್ತು.

ಸಾಹಿತ್ಯದ ಪರಿಭಾಷೆಯನ್ನು ಹೊಸದಾಗಿ ಕಲಿಯಬೇಕೆಂದು ನನಗೆ ಅನ್ನಿಸಿದ್ದು ಆಗ. ಕಲಿಯುತ್ತ ಹೋದಂತೆ ತಿಳಿದ ಮೊದಲನೆಯ ಸಂಗತಿಯೆಂದರೆ, ಕನ್ನಡದ ಪರಿಭಾಷೆಯಲ್ಲಿ ಎರಡು ಹೊಳೆಗಳು ಕೂಡಿವೆ. ಒಂದು, ಸಂಸ್ಕೃತದ ಆಲಂಕಾರಿಕರಾದ ಭರತ, ಭಾಮಹ, ದಂಡಿ, ಆನಂದವರ್ಧನ, ಮಮ್ಮಟರಿಂದ ಹರಿದು ಬಂದದ್ದು. ಇನ್ನೊಂದು, ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ವಿಮರ್ಶೆಯ ಕಲ್ಪನೆಗಳಿಗೆ ಕನ್ನಡದ ಹೆಸರು ಹುಡುಕಿದವರಿಂದ ಬಂದದ್ದು. ಹೊಸ ಕಲ್ಪನೆಗೆ ಹೆಸರಿಡುವಾಗ ಅವರು ಅನೇಕ ಕಡೆ ಹಳೆಯ ಪದವನ್ನೇ ಎತ್ತಿಕೊಂಡರು. ರೂಪಕ ಎಂಬ ಮಾತನ್ನು ನೋಡಿ. ನಾಟ್ಯದ ಮಾತು ಬಂದಾಗ ಅದು ದೃಶ್ಯಕಾವ್ಯ. ಹತ್ತು ಬಗೆಯ ನಾಟಕಗಳಿಗೆ ದಶರೂಪಕಗಳೆಂದು ಹೆಸರು. ಅಲಂಕಾರದ ಮಾತು ಬಂದಾಗ ಅದು ಎರಡು ವಸ್ತುಗಳನ್ನು ಒಂದೆಂದು ಹೇಳುವ ಬಗೆ. ಇಂದಿನ ವಿಮರ್ಶೆಯಲ್ಲಿ 'ಆ ಕಾದಂಬರಿಯ ಮನೆ ಒಂದು ರೂಪಕ' ಎಂದಾಗ ಅದು ಇನ್ನೂ ವಿಶಾಲವಾದ ಒಂದು ಕಲ್ಪನೆ. ಧ್ವನಿ ಎಂಬ ಪದವೂ ಹಾಗೆಯೇ. ಆನಂದವರ್ಧನನಲ್ಲಿ ಅದು ಸೂಚ್ಯಾರ್ಥ ಪ್ರಧಾನವಾದ ಕಾವ್ಯ. ಇಂದಿನ ಬರಹದಲ್ಲಿ 'ನಿರೂಪಕನ ಧ್ವನಿ' ಎಂದರೆ ಮಾತಿನ ವರಸೆ. ಪರಿಭಾಷೆಯ ಪದವೊಂದು ಎದುರಾದಾಗ ಅದು ಯಾವ ಹೊಳೆಯ ನೀರು ಎಂದು ಮೊದಲು ಕೇಳಿಕೊಳ್ಳುವ ಅಭ್ಯಾಸ ನನಗೆ ಅಂದಿನಿಂದ ಬಂತು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ಶಾಲೆಯಲ್ಲಿ ನಮಗೆ ಅಲಂಕಾರವನ್ನು ಗುರುತಿಸಿ, ಲಕ್ಷಣ ಬರೆದು, ಸಮನ್ವಯ ಮಾಡುವುದನ್ನು ಕಲಿಸಿದ್ದರು. 'ಇಲ್ಲಿ ಉಪಮೇಯ ಇದು, ಉಪಮಾನ ಇದು, ಆದ್ದರಿಂದ ಇದು ಉಪಮಾಲಂಕಾರ' ಎಂದು ಬರೆದರೆ ಅಂಕ ಪೂರ್ತಿ ಸಿಗುತ್ತಿತ್ತು. ಆ ಪದ್ಯದಲ್ಲಿ ಕವಿ ಏಕೆ ಹೋಲಿಸಿದ, ಹೋಲಿಸಿದ್ದರಿಂದ ಪದ್ಯಕ್ಕೆ ಏನಾಯಿತು ಎಂಬ ಪ್ರಶ್ನೆ ಬರುತ್ತಲೇ ಇರಲಿಲ್ಲ. ಹೀಗಾಗಿ ಅಲಂಕಾರದ ಹೆಸರುಗಳು ನನ್ನ ತಲೆಯಲ್ಲಿ ಸಾಲಾಗಿ ಅಂಟಿಸಿದ ಚೀಟಿಗಳಾಗಿ ಉಳಿದವು. ಈಗ ನನಗೆ ಅನ್ನಿಸುವುದೇನೆಂದರೆ, ಪ್ರತಿಯೊಂದು ಪಾರಿಭಾಷಿಕ ಪದವೂ ಒಂದು ಪ್ರಶ್ನೆಯನ್ನು ಒಳಗಿಟ್ಟುಕೊಂಡಿದೆ. ಆ ಪ್ರಶ್ನೆಯನ್ನು ವಾಕ್ಯದ ಮುಂದಿಟ್ಟು ಉತ್ತರ ಪಡೆಯಲು ಬಂದರೆ ಮಾತ್ರ ಆ ಪದ ತಿಳಿದಂತೆ.

ಅಲಂಕಾರ ಎಂಬ ಮಾತೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಒಡವೆ ತೊಡಿಸಿದಂತೆ, ಸಿದ್ಧವಾದ ಅರ್ಥದ ಮೇಲೆ ಹೊರಗಿನಿಂದ ಹೇರಿದ ಚೆಲುವು ಎಂಬ ಭಾವನೆ ಅದರಿಂದ ಬರುತ್ತದೆ. ಆದರೆ 'ಅಲಂ' ಎಂದರೆ ಸಾಕು, ಪರ್ಯಾಪ್ತ ಎಂಬ ಅರ್ಥವೂ ಇದೆ. ಸಾಲದ ಮಾತನ್ನು ಸಾಲುವಂತೆ ಮಾಡುವುದು ಅಲಂಕಾರ ಎಂದು ಇಟ್ಟುಕೊಂಡರೆ ಅದರ ಕೆಲಸ ಎಷ್ಟೋ ಸ್ಪಷ್ಟವಾಗುತ್ತದೆ. ಸಂಸ್ಕೃತದ ಇನ್ನೊಬ್ಬ ಆಲಂಕಾರಿಕ ವಾಮನನಂತೂ ಸೌಂದರ್ಯವೇ ಅಲಂಕಾರ ಎಂದುಬಿಟ್ಟ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ, 9ನೆಯ ಶತಮಾನದ ಕವಿರಾಜಮಾರ್ಗ, ಅಲಂಕಾರಗ್ರಂಥವೇ ಆಗಿರುವುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಅದರ ಮೂರು ಪರಿಚ್ಛೇದಗಳಲ್ಲಿ ಎರಡು ಶಬ್ದಾಲಂಕಾರ, ಅರ್ಥಾಲಂಕಾರಗಳಿಗೆ ಮೀಸಲು. ಮೊದಲನೆಯದು ಮಾತ್ರ ದೋಷಗಳ ವಿಚಾರ. ಕನ್ನಡ ಮತ್ತು ಸಂಸ್ಕೃತ ಪದಗಳನ್ನು ಔಚಿತ್ಯವರಿಯದೆ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತಾಗುತ್ತದೆ ಎಂದು ಅಲ್ಲಿ ಹೇಳಿದೆ. ದೋಷವನ್ನು ವಿವರಿಸಲು ಗ್ರಂಥಕಾರ ಉಪಮೆಯನ್ನು ಹಿಡಿದ. ಹಾಲು ಒಡೆಯುವುದನ್ನು ಕಂಡವರಿಗೆಲ್ಲ ಆ ನಿಯಮದ ಕಾರಣ ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಬೇರೆ ಯಾವ ರೀತಿಯಲ್ಲಿ ಹೇಳಿದ್ದರೂ ಅಷ್ಟು ಸಾಲುತ್ತಿರಲಿಲ್ಲ.

ಉಪಮೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅದನ್ನು ಸರಿಯಾಗಿ ತಿಳಿದುಕೊಂಡವರಿಗೆ ಅರ್ಧ ಅಲಂಕಾರಶಾಸ್ತ್ರ ಕೈಗೆ ಬಂದಂತೆ. 16ನೆಯ ಶತಮಾನದ ಅಪ್ಪಯ್ಯ ದೀಕ್ಷಿತರು ಉಪಮೆಯನ್ನು ಒಬ್ಬಳೇ ನಟಿಗೆ ಹೋಲಿಸಿದ್ದಾರೆ. ಕಾವ್ಯವೆಂಬ ರಂಗದ ಮೇಲೆ ಅವಳೇ ಬಗೆಬಗೆಯ ಪಾತ್ರಗಳಲ್ಲಿ ಬಂದು ಬಲ್ಲವರ ಮನಸ್ಸನ್ನು ರಂಜಿಸುತ್ತಾಳೆ. ಮುಖ ಮತ್ತು ಚಂದ್ರ ಎಂಬ ಎರಡೇ ವಸ್ತುಗಳನ್ನು ಇಟ್ಟುಕೊಂಡು ಅವರು ಅಲಂಕಾರದ ಮೇಲೆ ಅಲಂಕಾರವನ್ನು ಕಟ್ಟಿ ತೋರಿಸುತ್ತಾರೆ. ಆ ವಿಧಾನವನ್ನೇ ಅನುಸರಿಸಿ, ಮುಖಚಂದ್ರರ ಬದಲು ಅಜ್ಜಿಯ ಅಂಗೈ ಮತ್ತು ಒಣಗಿದ ಎಲೆ ಎಂಬ ಎರಡು ವಸ್ತುಗಳನ್ನು ಇಟ್ಟುಕೊಂಡು ನಾನು ಮಾಡಿಕೊಂಡ ಅಭ್ಯಾಸವನ್ನು ಇಲ್ಲಿ ಬರೆಯುತ್ತೇನೆ.

'ಅಜ್ಜಿಯ ಅಂಗೈ ಒಣಗಿದ ಎಲೆಯಂತೆ ಹಗುರವಾಗಿತ್ತು.' ಇದು ಪೂರ್ಣೋಪಮೆ. ಅಂಗೈ ಉಪಮೇಯ, ಒಣಗಿದ ಎಲೆ ಉಪಮಾನ, 'ಅಂತೆ' ಎಂಬುದು ಉಪಮಾವಾಚಕ, ಹಗುರವಾಗಿರುವುದು ಸಮಾನಧರ್ಮ. ನಾಲ್ಕೂ ಬಾಯಿಬಿಟ್ಟು ಹೇಳಿವೆ. ಓದುಗ ಮಾಡಬೇಕಾದ ಕೆಲಸ ಏನೂ ಉಳಿದಿಲ್ಲ. ಈಗ ಒಂದು ಪದ ತೆಗೆಯೋಣ: 'ಅಜ್ಜಿಯ ಅಂಗೈ ಒಣಗಿದ ಎಲೆಯಂತಿತ್ತು.' ಸಮಾನಧರ್ಮ ಲೋಪವಾಯಿತು, ಇದು ಲುಪ್ತೋಪಮೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಮುಗಿಯಿತು. ಆದರೆ ನಿಜವಾದ ಸಂಗತಿ ನಡೆಯುವುದು ಇಲ್ಲಿಂದ ಮುಂದೆ. ಧರ್ಮವನ್ನು ಹೇಳದೆ ಬಿಟ್ಟ ಕೂಡಲೇ ಓದುಗನ ಮನಸ್ಸು ಅದನ್ನು ಹುಡುಕಲು ಹೊರಡುತ್ತದೆ. ಹಗುರವೇ? ಒರಟೇ? ಎಲೆಯ ನರಗಳಂತೆ ಎದ್ದು ಕಾಣುವ ಗೆರೆಗಳೇ? ಮುಟ್ಟಿದರೆ ಮುರಿದೀತು ಎಂಬ ಭಯವೇ? ಕೊಂಬೆಯಿಂದ ಕಳಚುವ ಹೊತ್ತು ಹತ್ತಿರವಾಗಿದೆ ಎಂಬ ಸೂಚನೆಯೇ? ಪೂರ್ಣೋಪಮೆಯಲ್ಲಿ ಇದ್ದದ್ದು ಒಂದೇ ಧರ್ಮ. ಒಂದು ಪದವನ್ನು ಕಳೆದುಕೊಂಡ ವಾಕ್ಯಕ್ಕೆ ಐದು ಧರ್ಮಗಳು ಬಂದು ಸೇರಿದವು. ಹಾಗೆಂದು ಲೋಪವೇ ಯಾವಾಗಲೂ ಮೇಲು ಎಂದೇನೂ ಅಲ್ಲ. ಹಗುರವೆಂಬುದನ್ನೇ ಒತ್ತಿ ಹೇಳಬೇಕಾದ ಕಡೆ, ಉದಾಹರಣೆಗೆ ಕಾಯಿಲೆಯಿಂದ ಇಳಿದುಹೋದ ದೇಹದ ತೂಕವೇ ಮುಖ್ಯವಾದ ಕಡೆ, ಪೂರ್ಣೋಪಮೆಯೇ ಬೇಕು. ಯಾವ ಅಂಗವನ್ನು ಹೇಳಿದೆ, ಯಾವುದನ್ನು ಬಿಟ್ಟಿದೆ, ಏಕೆ ಎಂಬುದೇ ಉಪಮೆ ಎಂಬ ಪದ ನಮ್ಮಿಂದ ಕೇಳಿಸುವ ಪ್ರಶ್ನೆ.

ಕನ್ನಡದ ಈ 'ಅಂತೆ'ಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 'ಎಲೆಯಂತೆ' ಎಂದಾಗ ಅದು ಹೋಲಿಕೆ. 'ಬಂದನಂತೆ' ಎಂದಾಗ ಅದು ಇನ್ನೊಬ್ಬರಿಂದ ಕೇಳಿದ ಮಾತು. ಎರಡರಲ್ಲಿಯೂ ಹೇಳುವವನು ವಸ್ತುವಿನಿಂದ ಒಂದು ಹೆಜ್ಜೆ ದೂರ ನಿಂತಿದ್ದಾನೆ. ಇದೇ ಅದು ಎಂದು ಅವನು ಆಣೆಯಿಟ್ಟು ಹೇಳುತ್ತಿಲ್ಲ. ಆ ಒಂದು ಹೆಜ್ಜೆಯ ದೂರವನ್ನು ಇಲ್ಲವಾಗಿಸುವುದೇ ರೂಪಕದ ಕೆಲಸ.

'ಅಜ್ಜಿಯ ಅಂಗೈಯೆಂಬ ಒಣಗಿದ ಎಲೆಯನ್ನು ನನ್ನ ಕೈಯಲ್ಲಿಟ್ಟುಕೊಂಡೆ.' ಇದು ರೂಪಕ. ಎರಡಕ್ಕೂ ಭೇದವಿಲ್ಲವೆಂದು ಹೇಳಿದೆ. 'ಇದು ಅಂಗೈಯಲ್ಲ, ಒಣಗಿದ ಎಲೆ' ಎಂದು ಇದ್ದದ್ದನ್ನು ಅಲ್ಲಗಳೆದರೆ ಅಪಹ್ನುತಿ. 'ಅಂಗೈಯೋ, ಒಣಗಿದ ಎಲೆಯೋ' ಎಂದು ತೂಗಾಡಿದರೆ ಸಂದೇಹ. 'ಇರುವೆಯೊಂದು ಒಣಗಿದ ಎಲೆಯೆಂದುಕೊಂಡು ಆ ಅಂಗೈಯನ್ನು ಹತ್ತಿತು' ಎಂದರೆ ಭ್ರಾಂತಿಮಾನ್; ತಪ್ಪು ತಿಳಿದದ್ದು ಇರುವೆ, ಆದರೆ ಆ ತಪ್ಪು ತಿಳಿವಳಿಕೆಯ ಮೂಲಕ ನಮಗೆ ಅಂಗೈ ಎಷ್ಟು ಸುಕ್ಕುಗಟ್ಟಿತ್ತೆಂಬುದು ಕಾಣುತ್ತದೆ. 'ಅಜ್ಜಿಯ ಅಂಗೈಗೆ ಅಜ್ಜಿಯ ಅಂಗೈಯೇ ಸಾಟಿ' ಎಂದರೆ ಅನನ್ವಯ. ಹೋಲಿಸಲು ಹೊರಟು, ಹೋಲಿಕೆ ಸಿಗದೆ ಅಲ್ಲಿಗೇ ಮರಳಿದ್ದು.

ಉತ್ಪ್ರೇಕ್ಷೆ ನನಗೆ ಬಹಳ ಪ್ರಿಯವಾದ ಅಲಂಕಾರ. 'ಗಾಳಿಗೆ ಎಲ್ಲಿ ಹಾರಿಹೋಗುವುದೋ ಎಂಬಂತೆ ಅಜ್ಜಿ ಒಂದು ಅಂಗೈಯನ್ನು ಇನ್ನೊಂದರಿಂದ ಮುಚ್ಚಿ ಹಿಡಿದಿದ್ದಳು.' ಅಜ್ಜಿ ಕೈಮೇಲೆ ಕೈಯಿಟ್ಟು ಕುಳಿತದ್ದು ನಿಜ. ಅದಕ್ಕೆ ಕೊಟ್ಟ ಕಾರಣ ಕಲ್ಪನೆಯದು. ಇಲ್ಲಿ ಎಲೆ ಎಂಬ ಪದವೇ ಇಲ್ಲ, ಆದರೂ ಅದು ಇದೆ. ದಿನಬಳಕೆಯಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದದ್ದನ್ನು ಹಿಗ್ಗಿಸಿ ಹೇಳುವುದು ಎಂದಾಗಿದೆ. ಶಾಸ್ತ್ರದಲ್ಲಿ ಹಾಗಲ್ಲ, ಒಂದನ್ನು ಇನ್ನೊಂದಾಗಿ, ಅಥವಾ ಕಾರಣವಲ್ಲದ್ದನ್ನು ಕಾರಣವಾಗಿ ಸಂಭಾವಿಸುವುದು ಉತ್ಪ್ರೇಕ್ಷೆ. ಹಿಗ್ಗಿಸಿ ಹೇಳುವುದು ಅತಿಶಯೋಕ್ತಿ ಎಂದು ನಾವು ಕಲಿತದ್ದು ಸರಿಯೇ, ಆದರೆ ಅದೂ ಅಪೂರ್ಣ. 'ಒಣಗಿದ ಎಲೆಯೊಂದು ನನ್ನ ತಲೆಯನ್ನು ಸವರಿತು' ಎಂದು ಬರೆದರೆ, ಉಪಮೇಯವಾದ ಅಂಗೈಯನ್ನು ಉಪಮಾನವಾದ ಎಲೆ ಪೂರ್ತಿಯಾಗಿ ನುಂಗಿಬಿಟ್ಟಿದೆ. ಮಮ್ಮಟನು ಅತಿಶಯೋಕ್ತಿಯ ಭೇದಗಳಲ್ಲಿ ಮೊದಲು ಹೇಳುವುದು ಇದನ್ನೇ.

ಈ ಕೊನೆಯ ವಾಕ್ಯವನ್ನು ಪಾಶ್ಚಾತ್ಯ ವಿಮರ್ಶಕರ ಮುಂದಿಟ್ಟರೆ ಅವರು ಅದನ್ನು ರೂಪಕವೆಂದೇ ಕರೆಯುತ್ತಾರೆ. ಕ್ರಿಸ್ತಪೂರ್ವ 4ನೆಯ ಶತಮಾನದ ಅರಿಸ್ಟಾಟಲ್ ವೀರನೊಬ್ಬನ ಬಗ್ಗೆ 'ಸಿಂಹದಂತೆ ನುಗ್ಗಿದ' ಎಂದರೆ ಉಪಮೆ, 'ಸಿಂಹ ನುಗ್ಗಿತು' ಎಂದರೆ ರೂಪಕ, ಎರಡಕ್ಕೂ ವ್ಯತ್ಯಾಸ ಅಲ್ಪ ಎಂದು ಹೇಳಿದ. ನಮ್ಮ ಆಲಂಕಾರಿಕರು ಆ ಅಲ್ಪ ವ್ಯತ್ಯಾಸದೊಳಗೆ ಇಳಿದು ಅದನ್ನು ಹತ್ತಾರು ಮೆಟ್ಟಿಲುಗಳಾಗಿ ಬಿಡಿಸಿದರು. ಆದ್ದರಿಂದ ಇಂದಿನ ವಿಮರ್ಶೆಯಲ್ಲಿ ರೂಪಕ ಎಂದು ಓದಿದಾಗ ಅದನ್ನು ಶಾಲೆಯ ರೂಪಕಾಲಂಕಾರದ ಅಳತೆಗೆ ಇಳಿಸಬಾರದು. ಅಲಂಕಾರಗ್ರಂಥದಲ್ಲಿ ರೂಪಕ ಎಂದು ಓದಿದಾಗ ಇಂದಿನ ವಿಶಾಲ ಅರ್ಥವನ್ನು ಅದರ ಮೇಲೆ ಹೇರಬಾರದು. ಭರತನ ನಾಟ್ಯಶಾಸ್ತ್ರದಲ್ಲಿ ಉಪಮೆ, ರೂಪಕ, ದೀಪಕ, ಯಮಕ ಎಂದು ನಾಲ್ಕೇ ಅಲಂಕಾರಗಳಿದ್ದವು; ಅಪ್ಪಯ್ಯ ದೀಕ್ಷಿತರ ಕಾಲಕ್ಕೆ ಅವು ನೂರನ್ನು ದಾಟಿದವು. ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯ ನನಗಂತೂ ಕಂಡಿಲ್ಲ.

ನಮ್ಮ ಮಾತಿನಲ್ಲಿ ದಿನವೂ ನಡೆಯುವ ಅಲಂಕಾರಗಳನ್ನು ಗಮನಿಸುವುದು ಬಾಯಿಪಾಠಕ್ಕಿಂತ ಎಷ್ಟೋ ಮೇಲು. ಗಾದೆಗಳನ್ನು ತೆಗೆದುಕೊಳ್ಳಿ. ಬರೆಯಲು ಬಾರದವನು ಪೆನ್ನನ್ನು ದೂರಿದಾಗ, ಅವನ ಹೆಸರೆತ್ತದೆ 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂದಷ್ಟೇ ಹೇಳಿದರೆ ಅದು ಅಪ್ರಸ್ತುತಪ್ರಶಂಸೆ. ಅಲ್ಲಿ ಯಾರೂ ಕುಣಿಯುತ್ತಿಲ್ಲ, ನೆಲದ ಮಾತೂ ಇಲ್ಲ. ಅಪ್ರಸ್ತುತವನ್ನು ಹೇಳಿ ಪ್ರಸ್ತುತವನ್ನು ಮುಟ್ಟಿಸಿದ್ದು. 'ಅವನು ಪೆನ್ನು ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ಬಿಂಬ, ಇನ್ನೊಂದು ಪ್ರತಿಬಿಂಬವಾಗಿ ದೃಷ್ಟಾಂತವಾಗುತ್ತದೆ. 'ಆಕೆ ಉತ್ತರಿಸದೆ ಸುಮ್ಮನಾದಳು. ಮಾತು ಬೆಳ್ಳಿ, ಮೌನ ಬಂಗಾರವಲ್ಲವೇ' ಎಂದರೆ ವಿಶೇಷವನ್ನು ಸಾಮಾನ್ಯದಿಂದ ಸಮರ್ಥಿಸಿದಂತಾಗಿ ಅರ್ಥಾಂತರನ್ಯಾಸ. ಶಾಲೆಯಲ್ಲಿ ನನಗೆ ದೃಷ್ಟಾಂತ ಮತ್ತು ಅರ್ಥಾಂತರನ್ಯಾಸಗಳ ವ್ಯತ್ಯಾಸ ಎಂದೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಗಾದೆ ಹೇಳುವವರ ಮಾತಿಗೆ ಕಿವಿಗೊಟ್ಟ ಮೇಲೆ ಸಿಕ್ಕಿತು.

ಒಂದು ವಸ್ತುವನ್ನು ಅದರೊಡನೆ ಸಂಬಂಧವಿರುವ ಇನ್ನೊಂದರ ಹೆಸರಿನಿಂದ ಹೇಳುವುದು, ಭಾಗವನ್ನು ಹೇಳಿ ಇಡಿಯನ್ನು ಸೂಚಿಸುವುದು, ಹೀಗೆ ಇಂಗ್ಲಿಷ್ ಓದಿದವರು ಮೆಟಾನಮಿ, ಸಿನೆಕ್ಡಕಿ ಎಂದು ಹೆಸರಿಸುವ ಎರಡು ಬಗೆಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕೆಲವರು ನನ್ನನ್ನು ಕೇಳಿದ್ದಾರೆ. ಒಂದಕ್ಕೊಂದು ಪದ ಹುಡುಕುವುದಕ್ಕಿಂತ ಲಕ್ಷಣೆ ಎಂಬ ಶಬ್ದಶಕ್ತಿಯನ್ನು ತಿಳಿದುಕೊಂಡರೆ ಎರಡೂ ಅದರೊಳಗೆ ಬರುತ್ತವೆ. 'ಗಂಗೆಯ ಮೇಲೆ ಹಳ್ಳಿ' ಎಂಬುದು ಶಾಸ್ತ್ರದ ಪ್ರಸಿದ್ಧ ಉದಾಹರಣೆ. ಹರಿಯುವ ನೀರಿನ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ಮುಖ್ಯಾರ್ಥಕ್ಕೆ ಬಾಧೆ ಬಂತು. ನೀರಿಗೂ ದಡಕ್ಕೂ ಸಂಬಂಧವಿರುವುದರಿಂದ ಗಂಗೆ ಎಂದರೆ ಗಂಗೆಯ ದಡ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ದಡದ ಮೇಲೆ ಎಂದೇ ಹೇಳಬಹುದಿತ್ತಲ್ಲ, ಏಕೆ ಹೇಳಲಿಲ್ಲ? ನದಿಯ ತಂಪು, ಪಾವನತೆ ಆ ಹಳ್ಳಿಗೂ ಅಂಟಿಕೊಳ್ಳಲಿ ಎಂದು. ಮುಖ್ಯಾರ್ಥದ ಬಾಧೆ, ಅದರೊಂದಿಗೆ ಸಂಬಂಧ, ಮತ್ತು ರೂಢಿ ಅಥವಾ ಪ್ರಯೋಜನ ಎಂಬ ಮೂರು ಷರತ್ತುಗಳಲ್ಲಿ ಕೊನೆಯದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 'ಸಭೆ ನಕ್ಕಿತು', 'ಈ ಕೆಲಸಕ್ಕೆ ಇನ್ನೆರಡು ಕೈ ಬೇಕು' ಎಂಬವು ರೂಢಿಯ ಲಕ್ಷಣೆಗಳು. ಅಲ್ಲಿ ಲಕ್ಷಣೆ ನಡೆದಿದೆಯೆಂದು ನಮಗೆ ತೋರುವುದೂ ಇಲ್ಲ. ಆದರೆ ಬರಹಗಾರನೊಬ್ಬ 'ಬಾಗಿಲಲ್ಲಿ ಎರಡು ಬರಿಗಾಲುಗಳು ಕಾಯುತ್ತಿದ್ದವು' ಎಂದು ಬರೆದರೆ, ಇಡೀ ಮನುಷ್ಯನನ್ನು ಬಿಟ್ಟು ಬರಿಗಾಲನ್ನೇ ಏಕೆ ಆರಿಸಿದ ಎಂದು ಕೇಳಲೇಬೇಕು. ಬಡತನವೇ, ಸಂಕೋಚವೇ, ಮುಖವೆತ್ತಿ ನೋಡದ ಮನೆಯೊಡೆಯನ ದೃಷ್ಟಿಯೇ? ಪ್ರಯೋಜನವಿಲ್ಲದ ಲಕ್ಷಣೆ ಬರಿಯ ಒಗಟು.

ಮೇಲಿನ ಅರ್ಥಕ್ಕೆ ಪೂರ್ತಿ ವಿರುದ್ಧವಾದದ್ದನ್ನು ಹೇಳುವ ಬಗೆಗೂ ಶಾಸ್ತ್ರದಲ್ಲಿ ಸ್ಥಳವಿದೆ. ದ್ರೋಹ ಮಾಡಿದವನಿಗೆ 'ಬಹಳ ಉಪಕಾರ ಮಾಡಿದೆ, ಹೀಗೆಯೇ ನೂರು ವರ್ಷ ಸುಖವಾಗಿರು' ಎಂದು ಹೇಳುವ ಹಳೆಯ ಶ್ಲೋಕವೊಂದನ್ನು ಮಮ್ಮಟನೂ ಉದಾಹರಿಸುತ್ತಾನೆ. ಇದು ವಿಪರೀತ ಲಕ್ಷಣೆ. ಇಂದು ನಾವು ವ್ಯಂಗ್ಯ ಎನ್ನುವುದು ಬಹುಮಟ್ಟಿಗೆ ಇದನ್ನೇ. ನಾಟಕದಲ್ಲಿ ಪಾತ್ರಕ್ಕೆ ತಿಳಿಯದ ಸಂಗತಿ ಪ್ರೇಕ್ಷಕರಿಗೆ ತಿಳಿದಿರುವಾಗ ಹುಟ್ಟುವ ನಾಟಕೀಯ ವ್ಯಂಗ್ಯ ಬೇರೆ ಜಾತಿಯದು. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಟಕದಲ್ಲಿ ದೊರೆ ಈಡಿಪಸ್ ಹಿಂದಿನ ದೊರೆಯನ್ನು ಕೊಂದವನಿಗೆ ಶಾಪ ಹಾಕುವಾಗ, ಕೊಂದವನು ಅವನೇ, ಆ ಶಾಪ ಅವನ ತಲೆಗೇ ಬೀಳುತ್ತದೆಂಬುದು ನೋಡುವವರಿಗೆಲ್ಲ ಗೊತ್ತು, ಶಪಿಸುವವನಿಗೆ ಗೊತ್ತಿಲ್ಲ. ಅಲ್ಲಿ ಅವನ ಮಾತಿನಲ್ಲಿ ಕುಹಕದ ಲೇಶವೂ ಇಲ್ಲ. ಅವನು ಪ್ರಾಮಾಣಿಕನಾದಷ್ಟೂ ನಮ್ಮ ಎದೆ ಹಿಂಡುತ್ತದೆ. ಇನ್ನು ವಿಪರ್ಯಾಸ ಎಂಬ ಮಾತು. ಉದ್ದೇಶಕ್ಕೂ ಫಲಕ್ಕೂ ತಲೆಕೆಳಗಾದ ಸಂಬಂಧವಿದ್ದಾಗ ಮಾತ್ರ ಅದು ಸಲ್ಲುತ್ತದೆ. ಬೆಂಕಿ ಆರಿಸಲು ಸುರಿದದ್ದೇ ಬೆಂಕಿಯನ್ನು ಹೆಚ್ಚಿಸಿದರೆ ವಿಪರ್ಯಾಸ. ಹೊರಟ ದಿನವೇ ಮಳೆ ಬಂದರೆ ಅದು ಬರಿಯ ದುರದೃಷ್ಟ. ಪತ್ರಿಕೆಗಳಲ್ಲಿ ದುಃಖದ ಸಂಗತಿಗಳಿಗೆಲ್ಲ 'ವಿಪರ್ಯಾಸವೆಂದರೆ' ಎಂದು ಮುನ್ನುಡಿ ಹಾಕುವ ಅಭ್ಯಾಸದಿಂದ ಒಂದು ಒಳ್ಳೆಯ ಪದ ಮೊಂಡಾಗುತ್ತಿದೆ.

ಶಬ್ದಾಲಂಕಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ವಿವರಣೆಗಿಂತ ಕಿವಿಗೆ ಸೇರಿದವು. ಆದರೆ ಕನ್ನಡದ ಪ್ರಾಸದ ಬಗೆ ವಿಶಿಷ್ಟವಾದದ್ದು ಎಂಬುದನ್ನು ಹೊಸ ಓದುಗರು ತಿಳಿದಿರಬೇಕು. ಹಳೆಯ ಕನ್ನಡ ಕಾವ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕಿತ್ತು. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಅನುಸ್ವಾರವಿದ್ದರೆ ವೃಷಭಪ್ರಾಸ, ವಿಸರ್ಗವಿದ್ದರೆ ಅಜಪ್ರಾಸ. ಪ್ರಾಸಸ್ಥಾನದಲ್ಲಿ ವಿಜಾತೀಯ ಒತ್ತಕ್ಷರ ಬಂದರೆ ಶರಭಪ್ರಾಸ, ಸಜಾತೀಯ ಒತ್ತಕ್ಷರ ಬಂದರೆ ಹಯಪ್ರಾಸ. 1911ರಲ್ಲಿ ಗೋವಿಂದ ಪೈಗಳು ಈ ಆದಿಪ್ರಾಸವನ್ನು ಬಿಟ್ಟು ಬರೆದರು. ಇಂದು ಪ್ರಾಸ ಎಂದ ಕೂಡಲೇ ನಮಗೆ ಸಾಲಿನ ತುದಿ ನೆನಪಾಗುತ್ತದೆ. ಹಳಗನ್ನಡ ಪದ್ಯವನ್ನು ಓದುವಾಗ ಕಿವಿಯನ್ನು ಸಾಲಿನ ಮೊದಲಿಗೆ ತಿರುಗಿಸಿಕೊಳ್ಳಬೇಕು.

ಪ್ರತಿಮೆ ಮತ್ತು ಸಂಕೇತ ಎಂಬ ಎರಡು ಹೊಸ ಪದಗಳನ್ನು ಬಹಳ ಮಂದಿ ಅದಲುಬದಲು ಮಾಡುತ್ತಾರೆ. ಕತ್ತಲೆಯ ಕೋಣೆಯಲ್ಲಿ ಹೊಗೆಯಾಡುವ ದೀಪ, ಅದರ ಗಾಜಿನ ಮೇಲಿನ ಮಸಿ, ಎಣ್ಣೆಯ ವಾಸನೆ ಇವು ಇಂದ್ರಿಯಗಳಿಗೆ ತಟ್ಟುವಂತೆ ಬಂದರೆ ಅದು ಪ್ರತಿಮೆ. ಅದೇ ದೀಪ ಬೇರೆ ಬೇರೆ ಸಂದರ್ಭಗಳಲ್ಲಿ ಮರಳಿ ಬಂದು, ತನ್ನನ್ನು ಮೀರಿದ ಯಾವುದೋ ಒಂದನ್ನು, ಆ ಮನೆಯ ಹಿರಿಯಳ ಹಟವನ್ನೋ, ಮುಗಿಯುತ್ತಿರುವ ಒಂದು ಕಾಲವನ್ನೋ ಹೊರತೊಡಗಿದರೆ ಅದು ಸಂಕೇತ. ಸಂಕೇತವಾಗುವ ಮೊದಲು ಅದು ಉರಿಯುವ ದೀಪವಾಗಿರಲೇಬೇಕು. ಕತೆಯಲ್ಲಿ ಕಂಡದ್ದಕ್ಕೆಲ್ಲ 'ಇದು ಯಾವುದರ ಸಂಕೇತ' ಎಂದು ಕೇಳುವ ಓದು ನನಗೆ ಒಪ್ಪಿಗೆಯಾಗಿಲ್ಲ. ಅದು ವಸ್ತುವನ್ನು ನೋಡುವ ಮೊದಲೇ ಅದರ ಆಚೆಗೆ ಹಾರುತ್ತದೆ.

ಮತ್ತೆ ಧ್ವನಿಗೆ ಬರುತ್ತೇನೆ. 'ಸೂರ್ಯ ಮುಳುಗಿದ' ಎಂಬುದು ಆಲಂಕಾರಿಕರು ಚರ್ಚಿಸಿದ ಪುಟ್ಟ ವಾಕ್ಯ. ದನ ಕಾಯುವವನಿಗೆ ಅದು ದನಗಳನ್ನು ಹಟ್ಟಿಗೆ ತಿರುಗಿಸು ಎಂಬ ಮಾತು. ಸಂಧ್ಯಾವಂದನೆ ಮಾಡುವವನಿಗೆ ಕರ್ಮಕ್ಕೆ ಹೊತ್ತಾಯಿತೆಂಬ ಮಾತು. ಪ್ರಿಯನಿಗಾಗಿ ಕಾದವಳಿಗೆ ಅವನು ಇಂದೂ ಬರಲಿಲ್ಲ ಎಂಬ ಮಾತು. ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಇಲ್ಲಿ ಮುಖ್ಯಾರ್ಥಕ್ಕೆ ಬಾಧೆಯೂ ಇಲ್ಲ, ಸೂರ್ಯ ನಿಜವಾಗಿಯೂ ಮುಳುಗಿದ್ದಾನೆ. ಆದ್ದರಿಂದ ಇದನ್ನು ಲಕ್ಷಣೆ ಎನ್ನಲು ಬರುವುದಿಲ್ಲ. ನೇರ ಅರ್ಥವನ್ನು ಕೊಡುವ ಅಭಿಧೆ, ಮತ್ತು ಲಕ್ಷಣೆ, ಇವುಗಳ ಆಚೆಗೆ ವ್ಯಂಜನೆ ಎಂಬ ಮೂರನೆಯ ಶಕ್ತಿಯನ್ನು ಒಪ್ಪಬೇಕಾದದ್ದು ಇಂಥ ವಾಕ್ಯಗಳಿಂದಾಗಿ. ಗಂಟೆ ಬಾರಿಸಿದ ಮೇಲೆ ಉಳಿಯುವ ಅನುರಣನದಂತೆ ಆ ಅರ್ಥ ಹೊಮ್ಮುತ್ತದೆ. 9ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಇದನ್ನೇ ಕಾವ್ಯದ ಆತ್ಮವೆಂದು ಕರೆದ.

ಅವನು ಇನ್ನೂ ಒಂದು ಮಾತು ಹೇಳಿದ. ವಸ್ತುವನ್ನು, ಅಲಂಕಾರವನ್ನು ವಾಚ್ಯವಾಗಿಯೂ, ಅಂದರೆ ನೇರವಾಗಿಯೂ ಹೇಳಬಹುದು, ಸೂಚಿಸಲೂಬಹುದು. ಆದರೆ ರಸವನ್ನು, ಅಂದರೆ ಓದುಗ ಸವಿಯುವ ಭಾವವನ್ನು, ಸೂಚಿಸಲು ಮಾತ್ರ ಸಾಧ್ಯ. ಕರುಣ, ಶೃಂಗಾರ, ಶೋಕ ಎಂಬ ಪದಗಳನ್ನು ಎಷ್ಟು ಬಾರಿ ಬರೆದರೂ ಓದುಗನಲ್ಲಿ ಏನೂ ಮೂಡುವುದಿಲ್ಲ. ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸನಿಷ್ಪತ್ತಿಯಾಗುತ್ತದೆ ಎಂಬ ಭರತನ ಸೂತ್ರವನ್ನು ನಾನು ಹಿಂದೆ ಬರಿಯ ಸೂತ್ರವಾಗಿ ಓದಿದ್ದೆ. ಕಾರಣವಾದ ವ್ಯಕ್ತಿ, ವಸ್ತು, ಸನ್ನಿವೇಶ ವಿಭಾವ. ಭಾವದಿಂದಾಗಿ ದೇಹದಲ್ಲಿ ತೋರುವುದು ಅನುಭಾವ. ಬಂದು ಹೋಗುವ ಚಿಂತೆ, ಸ್ಮೃತಿಗಳಂಥ 33 ಭಾವಗಳು ವ್ಯಭಿಚಾರಿಭಾವಗಳು. ಭಾವದ ಹೆಸರನ್ನೇ ಹೇಳಿ ಭಾವವನ್ನು ಹುಟ್ಟಿಸಲು ಹೋಗುವುದನ್ನು ಆಲಂಕಾರಿಕರು ರಸದೋಷಗಳಲ್ಲಿ ಎಣಿಸಿ ಅದಕ್ಕೆ ಸ್ವಶಬ್ದವಾಚ್ಯತ್ವ ಎಂದು ಹೆಸರಿಟ್ಟಿದ್ದಾರೆ.

ಈ ದೋಷದ ಹೆಸರನ್ನು ಓದಿದ ದಿನ ನಾನು ಹಳೆಯ ಹಸ್ತಪ್ರತಿಯನ್ನು ಹುಡುಕಿ ತೆಗೆದೆ. ಅಪ್ಪನ ಕನ್ನಡಕ ವಿಭಾವ, ಮಸುಕಾದ ಅಕ್ಷರಗಳು ಅನುಭಾವವನ್ನು ಹೇಳದೆ ಹೇಳಿದ ಬಗೆ ಎಂದು ಈಗ ನನಗೇ ಕಾಣುತ್ತಿತ್ತು. 'ಆಗಲೂ ಮಸುಕಾಗಿಯೇ ಇದ್ದವು' ಎಂಬುದರ ಮುಂದೆ, ಅಲೆಯಂಥ ಗೆರೆಯ ಮೇಲೆ, ನನ್ನ ಕೈಬರಹದಲ್ಲಿ 'ಅವನಿಗೆ ದುಃಖ ಉಮ್ಮಳಿಸಿ ಬಂದಿತು' ಎಂದಿತ್ತು. ಅದನ್ನು ಹೊಡೆದುಹಾಕಿದೆ.